ಬಾಗ್ದಾದಿನ ಮಧ್ಯಾಹ್ನದೂಟ: ತಿಮ್ಮನ್, ಮರಗ್ ಮತ್ತು ಒಣನಿಂಬೆ

ಬಾಗ್ದಾದಿಗೆ ಹೋಗಿಬಂದವರ ಬಾಯಲ್ಲಿ ಹೆಚ್ಚಾಗಿ ಕೇಳಿಬರುವುದು ಎರಡೇ ಹೆಸರು, ಕಬಾಬು ಮತ್ತು ಮಸ್ಗೂಫ್ ಎನ್ನುವ ಸುಟ್ಟ ಮೀನು. ಎರಡೂ ರುಚಿಯೇ. ಟೈಗ್ರಿಸ್ ದಂಡೆಯ ಅಬು ನುವಾಸ್ ರಸ್ತೆಯಲ್ಲಿ ಬೆನ್ನು ಸೀಳಿ ಬಿಡಿಸಿದ ಕಾರ್ಪ್ ಮೀನನ್ನು ಕಟ್ಟಿಗೆ ಬೆಂಕಿಯ ಸುತ್ತ ನಿಲ್ಲಿಸಿ ಸುಡುವುದನ್ನು ನೋಡಿದರೆ ಯಾರಿಗಾದರೂ ಬಾಯಲ್ಲಿ ನೀರೂರುತ್ತದೆ. ಆದರೆ ಅದು ಹೊರಗೆ ಹೋದಾಗ ತಿನ್ನುವ ಊಟ. ಇರಾಕಿನ ಮನೆಗಳಲ್ಲಿ ದಿನಾ ಒಲೆಯ ಮೇಲೆ ಬೇಯುವುದು ತಿಮ್ಮನ್ ಮತ್ತು ಮರಗ್. ತಿಮ್ಮನ್ ಅನ್ನ. ಮರಗ್ ಎಂದರೆ ಮೂಳೆಸಹಿತ ಕುರಿಮಾಂಸ, ಒಂದು ತರಕಾರಿ ಅಥವಾ ಕಾಳು, ಟೊಮೆಟೊ, ಮೇಲೊಂದು ಹುಳಿ, ಇಷ್ಟು ಸೇರಿ ಬೆಂದ ಸಾರು. ಈ ಮನೆಯಡುಗೆಯನ್ನೇ ಬಡಿಸುವ ಸಣ್ಣ ಹೋಟೆಲುಗಳು ಬಾಗ್ದಾದಿನ ಹಳೆಯ ಬಡಾವಣೆಗಳಲ್ಲೂ ಮಾರುಕಟ್ಟೆಗಳ ಸುತ್ತಲೂ ಇವೆ. ಇರಾಕಿನ ಅಡುಗೆಯ ನಿಜವಾದ ರುಚಿ ಬೇಕಿದ್ದರೆ ಹೋಗಬೇಕಾದದ್ದು ಅಲ್ಲಿಗೇ, ಅದೂ ಮಧ್ಯಾಹ್ನವೇ.

ಹೊತ್ತು ತಪ್ಪಿಸಬಾರದು. ಇರಾಕಿನಲ್ಲಿ ಮಧ್ಯಾಹ್ನದ್ದೇ ದೊಡ್ಡ ಊಟ. ಮಾಂಸ ಬೆಳಿಗ್ಗೆಯೇ ಒಲೆ ಏರಿರುತ್ತದೆ, ಹನ್ನೆರಡರ ಹೊತ್ತಿಗೆ ಬಡಿಸಲು ಶುರು. ಚೆನ್ನಾಗಿ ನಡೆಯುವ ಕಡೆ ಎರಡು ಗಂಟೆಯ ಮೇಲೆ ಹೋದರೆ ಬೇಕಾದ ಮರಗ್ ಮುಗಿದಿರುತ್ತದೆ, ಉಳಿದದ್ದು ಪಾತ್ರೆಯಲ್ಲೇ ಕುದ್ದು ಕುದ್ದು ಗಟ್ಟಿಯಾಗಿರುತ್ತದೆ. ಹನ್ನೆರಡೂವರೆಯಿಂದ ಒಂದೂಕಾಲರೊಳಗೆ ಹೋಗುವುದು ಒಳ್ಳೆಯದು. ಅಷ್ಟರಲ್ಲಿ ಸಾರಿಗೆ ಹುಳಿ ಹಿಡಿದಿರುತ್ತದೆ, ಅನ್ನ ಇನ್ನೂ ಹದವಾಗಿರುತ್ತದೆ.

ಮೆನು ಕಾರ್ಡಿನ ಹಂಗಿಲ್ಲ. ಕೌಂಟರಿನ ಮೇಲೆ ಅಗಲವಾದ ಪಾತ್ರೆಗಳು ಸಾಲಾಗಿ ಕೂತಿರುತ್ತವೆ: ಬಾಮ್ಯ ಎನ್ನುವ ಬೆಂಡೆಕಾಯಿ ಮರಗ್, ಫಸೂಲಿಯ ಯಾಬ್ಸ ಎನ್ನುವ ಬಿಳಿ ಬೀನ್ಸ್ ಕಾಳಿನದು, ಪಾಲಕ್ಕಿನದು, ಬದನೆಕಾಯಿಯದು. ಬೆರಳು ತೋರಿಸಿದರೆ ಸಾಕು. ಕೂರುವ ಮೊದಲು ಪಾತ್ರೆಗಳನ್ನು ಒಮ್ಮೆ ನೋಡುವುದಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಸಾರಿನ ಮೇಲೆ ತೇಲುವ ಜಿಡ್ಡು ತಿಳಿಯಾಗಿ, ಇಟ್ಟಿಗೆ ಕೆಂಪು ಬಣ್ಣದಲ್ಲಿದ್ದರೆ ಟೊಮೆಟೊ ಪೇಸ್ಟನ್ನು ಸರಿಯಾಗಿ ಹುರಿದಿದ್ದಾರೆ ಎಂದರ್ಥ. ಕಿತ್ತಳೆ ಬಣ್ಣಕ್ಕೆ ತಿರುಗಿ ಕದಡಿದಂತಿದ್ದರೆ ಪೇಸ್ಟ್ ಹಸಿಯಾಗಿಯೇ ನೀರಿಗೆ ಬಿದ್ದಿದೆ, ಬಾಯಲ್ಲಿ ಡಬ್ಬಿಯ ವಾಸನೆ ಉಳಿಯುತ್ತದೆ. ಅನ್ನದ ಪಾತ್ರೆಯಲ್ಲಿ ಅಗುಳು ಅಗುಳಾಗಿ ಬಿಡಿಯಾಗಿರಬೇಕು, ಸೌಟು ಹಾಕಿದಾಗ ಮುದ್ದೆ ಏಳಬಾರದು. ಮಾಂಸ ಚಮಚದ ಅಂಚಿಗೆ ಮೂಳೆ ಬಿಡಬೇಕು, ಆದರೆ ನಾರು ನಾರಾಗಿ ಸಾರಿನಲ್ಲಿ ಕರಗಿಹೋಗಿರಬಾರದು. ಈ ಮೂರೂ ಸರಿಯಿದ್ದರೆ ನಿಶ್ಚಿಂತೆಯಿಂದ ಕೂರಬಹುದು.

ಅನ್ನ ಒಂದು ತಟ್ಟೆಯಲ್ಲಿ, ಮರಗ್ ಬೇರೆ ಬಟ್ಟಲಿನಲ್ಲಿ ಬರುತ್ತದೆ. ಬಟ್ಟಲನ್ನು ಪೂರ್ತಿ ಅನ್ನದ ಮೇಲೆ ಸುರಿಯಬೇಡಿ. ನಾಲ್ಕು ತುತ್ತಿಗೆ ಆಗುವಷ್ಟು ಹಾಕಿಕೊಂಡು, ಮುಗಿದ ಮೇಲೆ ಮತ್ತೆ ಹಾಕಿಕೊಳ್ಳುವುದು ಅಲ್ಲಿನವರ ಕ್ರಮ. ಹೆಚ್ಚಿನ ಕಡೆ ಬೇಳೆಸೂಪು, ಸಲಾಡು, ತುರ್ಶಿ ಎನ್ನುವ ಉಪ್ಪಿನಕಾಯಿ ಮತ್ತು ಬಿಸಿ ರೊಟ್ಟಿ ಕೇಳದೆಯೇ ಮೇಜಿಗೆ ಬರುತ್ತವೆ, ಅವಕ್ಕೆ ಬೇರೆ ದುಡ್ಡಿಲ್ಲ. ಹಸಿ ಮೂಲಂಗಿ, ಈರುಳ್ಳಿ, ಕಾಮಕಸ್ತೂರಿ, ಖಾರ ಸೊಪ್ಪುಗಳ ತಟ್ಟೆ ಬಂದರೆ ಅಲಂಕಾರಕ್ಕೆಂದು ಬದಿಗೆ ಸರಿಸಬೇಡಿ. ಕುರಿಯ ಕೊಬ್ಬಿನ ಜಿಡ್ಡು ನಾಲಿಗೆಯ ಮೇಲೆ ನಿಂತಾಗ ಅದನ್ನು ಕಡಿಯುವುದು ಆ ಸೊಪ್ಪೇ. ಕುಡಿಯಲು ಶಿನೀನ ಕೇಳಿ. ಮೊಸರನ್ನು ತೆಳುವಾಗಿ ಕಡೆದು ಉಪ್ಪು ಹಾಕಿದ ಮಜ್ಜಿಗೆ ಅದು. ಬಡಿಸುವ ಹಿರಿಯರನ್ನು ಹಜ್ಜಿ ಎಂದು ಕರೆಯುವುದು ಗೌರವ. ಊಟ ಮುಗಿದ ಮೇಲೆ ಅಡುಗೆಯವರಿಗೆ "ಆಶತ್ ಈದಕ್" ಎನ್ನುತ್ತಾರೆ, ನಿಮ್ಮ ಕೈ ಬಾಳಲಿ ಎಂದು. "ಬಿಲ್ ಆಫ್ಯ" ಎಂದು ಅತ್ತಲಿಂದ ಉತ್ತರ ಬರುತ್ತದೆ.

ಈ ಅಡುಗೆಯ ಜೀವ ಹುಳಿಯಲ್ಲಿದೆ. ಖಾರ ಕಡಿಮೆ, ಮಸಾಲೆ ಹಿತಮಿತ. ಟೊಮೆಟೊ, ಹುಣಸೆ, ದಾಳಿಂಬೆಯ ಗಟ್ಟಿ ರಸ, ನಿಂಬೆ, ಎಲ್ಲಕ್ಕಿಂತ ಮೇಲೆ ನೂಮಿ ಬಸ್ರ ಎನ್ನುವ ಒಣನಿಂಬೆ. ಹೆಸರಿನಲ್ಲಿ ಬಸ್ರಾ ಇದ್ದರೂ ಅದು ಬೆಳೆಯುತ್ತಿದ್ದದ್ದು ಒಮಾನಿನ ಕಡೆ, ಇರಾಕಿಗೆ ಬರುತ್ತಿದ್ದದ್ದು ಬಸ್ರಾ ಬಂದರಿನ ಮೂಲಕ. ಸಣ್ಣ ನಿಂಬೆಹಣ್ಣನ್ನು ಉಪ್ಪುನೀರಿನಲ್ಲಿ ಕುದಿಸಿ, ಒಳಗೆಲ್ಲ ಕಪ್ಪಾಗುವ ತನಕ ಬಿಸಿಲಿನಲ್ಲಿ ಒಣಗಿಸುತ್ತಾರೆ. ಕೊಲ್ಲಿ ದೇಶಗಳ ಅಂಗಡಿಗಳಲ್ಲಿ ಲೂಮಿ ಎಂದು ಸಿಗುತ್ತದೆ. ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ, ಹಗುರವಾಗಿರಬೇಕು, ಒತ್ತಿದರೆ ಗಟ್ಟಿಯಾಗಿರಬೇಕು. ತೂಕವಿದ್ದರೆ ಒಳಗೆ ತೇವ ಉಳಿದಿದೆ, ಬೂಷ್ಟು ಹಿಡಿದಿರಲೂಬಹುದು.

ಬಳಸುವುದರಲ್ಲಿ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಹಾಗೇ ಇಡೀ ಹಣ್ಣನ್ನು ಹಾಕಿದರೆ ಸಿಪ್ಪೆ ಮುಚ್ಚಿರುವುದರಿಂದ ರುಚಿ ಸಾರಿಗೆ ಇಳಿಯುವುದಿಲ್ಲ. ಪೂರ್ತಿ ಪುಡಿ ಮಾಡಿದರೆ ಬೀಜವೂ ಸೇರಿ ಸಾರೆಲ್ಲ ಕಹಿ. ಸರಿಯಾದ ಕ್ರಮ ಹೀಗೆ: ಹಣ್ಣನ್ನು ಎರಡು ಹೋಳಾಗಿ ಒಡೆದು ಚಾಕುವಿನ ತುದಿಯಿಂದ ಬೀಜ ತೆಗೆದು ಹಾಕಬೇಕು, ಅಥವಾ ಇಡೀ ಹಣ್ಣಿಗೆ ನಾಲ್ಕೈದು ಕಡೆ ಚುಚ್ಚಿ ಹಾಕಬೇಕು. ಮುಕ್ಕಾಲು ಕೆಜಿ ಮಾಂಸಕ್ಕೆ ಎರಡು ಹಣ್ಣು ಸಾಕು. ಕೊನೆಯ 30–40 ನಿಮಿಷ ಕುದಿದರೆ ಹೊಗೆಯಾಡಿದಂಥ ಆ ಘಮ ಸಾರಿಗೆ ಬರುತ್ತದೆ. ಬಡಿಸುವ ಮೊದಲು ತೆಗೆದುಬಿಡಿ, ಸೌಟಿನಿಂದ ಒತ್ತಿ ಹಿಂಡಬೇಡಿ. ಸಿಗದಿದ್ದರೆ ಹುಣಸೆರಸದ ಜೊತೆ ಕೊನೆಯಲ್ಲಿ ಅರ್ಧ ನಿಂಬೆಹಣ್ಣು ಹಿಂಡಬಹುದು. ಹುಳಿ ಸಿಗುತ್ತದೆ, ಘಮ ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಮನೆಯಲ್ಲಿ ಮಾಡುವವರು ಅನ್ನದಿಂದಲೇ ಶುರು ಮಾಡಬೇಕು. ಅನ್ನ ಕೆಟ್ಟರೆ ಮರಗ್ ಎಷ್ಟು ಚೆನ್ನಾಗಿದ್ದರೂ ಊಟ ಏಳುವುದಿಲ್ಲ. ಇರಾಕಿನ ಹೆಮ್ಮೆಯ ಅಕ್ಕಿ ಅಂಬರ್, ನಜಫ್ ಪ್ರಾಂತ್ಯದ ಮಿಶ್ಖಾಬ್ ಮತ್ತು ಅದರ ಸುತ್ತಮುತ್ತ ಬೆಳೆಯುತ್ತದೆ. ಬೇಯುವಾಗ ಮನೆ ತುಂಬ ಪರಿಮಳ. ಅದಕ್ಕೆ ಗದ್ದೆಯಲ್ಲಿ ನೀರು ನಿಲ್ಲಬೇಕು. ಯೂಫ್ರಟಿಸ್ ಸೊರಗಿದ ಈಚಿನ ವರ್ಷಗಳಲ್ಲಿ ಸರ್ಕಾರವೇ ಭತ್ತದ ವಿಸ್ತೀರ್ಣಕ್ಕೆ ಮಿತಿ ಹಾಕಿದೆ. ಹೀಗಾಗಿ ದಿನನಿತ್ಯದ ತಿಮ್ಮನ್ ಬಹುಮಟ್ಟಿಗೆ ಆಮದು ಅಕ್ಕಿಯದು. ಭಾರತದ ಬಾಸ್ಮತಿಯನ್ನು ಹೆಚ್ಚು ಕೊಳ್ಳುವ ದೇಶಗಳಲ್ಲಿ ಇರಾಕೂ ಒಂದು, ಹಾಗಾಗಿ ನಮ್ಮ ಅಂಗಡಿಯ ಬಾಸ್ಮತಿಯಲ್ಲಿ ಮಾಡಿದ ತಿಮ್ಮನ್ ಅಲ್ಲಿನದಕ್ಕಿಂತ ಬೇರೆಯೇನಲ್ಲ.

ನಾಲ್ವರಿಗೆ 2 ಲೋಟ, ಸುಮಾರು 400 ಗ್ರಾಂ ಬಾಸ್ಮತಿ. ನೀರು ತಿಳಿಯಾಗುವ ತನಕ ನಾಲ್ಕೈದು ಸಲ ತೊಳೆಯಿರಿ. ಅಗುಳಿನ ಮೇಲಿನ ಹಿಟ್ಟು ಹೋಗದಿದ್ದರೆ ಅನ್ನ ಅಂಟುತ್ತದೆ. ಅರ್ಧ ಗಂಟೆ ನೆನೆಸಿ. ಎರಡು ಲೀಟರ್ ನೀರಿಗೆ ಒಂದೂವರೆ ದೊಡ್ಡ ಚಮಚ ಉಪ್ಪು ಹಾಕಿ ಕುದಿಸಿ. ನೀರು ಬಾಯಿಗೆ ಸಾರಿನಷ್ಟೇ ಉಪ್ಪಾಗಿರಬೇಕು, ಬಸಿಯುವಾಗ ಹೆಚ್ಚಿನದು ಹೋಗುತ್ತದೆ. ಅಕ್ಕಿ ಹಾಕಿ 5–6 ನಿಮಿಷ. ಒಂದು ಅಗುಳು ತೆಗೆದು ಹಿಸುಕಿದರೆ ಹೊರಗೆ ಮೆತ್ತಗಾಗಿ ನಡುವೆ ಸಣ್ಣ ಗಟ್ಟಿ ಎಳೆ ಉಳಿದಿರಬೇಕು. ಆಗಲೇ ಬಸಿಯಿರಿ. ಒಂದು ನಿಮಿಷ ತಡವಾದರೂ ದಮ್‌ನಲ್ಲಿ ಅನ್ನ ಒಡೆಯುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ 3 ದೊಡ್ಡ ಚಮಚ ಎಣ್ಣೆ ಅಥವಾ ತುಪ್ಪ ಕಾಯಿಸಿ, ಬಸಿದ ಅನ್ನವನ್ನು ಗುಡ್ಡೆಯಾಗಿ ಸುರಿಯಿರಿ, ಒತ್ತಬೇಡಿ. ಸೌಟಿನ ಹಿಡಿಯಿಂದ ತಳದ ತನಕ ನಾಲ್ಕೈದು ತೂತು ಮಾಡಿದರೆ ಹಬೆ ಮೇಲೇಳಲು ದಾರಿಯಾಗುತ್ತದೆ. ಮುಚ್ಚಳಕ್ಕೆ ಶುಭ್ರವಾದ ಬಟ್ಟೆ ಸುತ್ತಿ ಮುಚ್ಚಿ. ಹಬೆ ನೀರಾಗಿ ಅನ್ನದ ಮೇಲೆ ತೊಟ್ಟಿಕ್ಕದಿರಲು ಇದೇ ಉಪಾಯ. ಬಟ್ಟೆಯ ತುದಿಗಳನ್ನು ಮೇಲಕ್ಕೆ ಕಟ್ಟಿಬಿಡಿ, ಉರಿಗೆ ತಾಗಬಾರದು. ಐದು ನಿಮಿಷ ಮಧ್ಯಮ ಉರಿ, ಆಮೇಲೆ 25–30 ನಿಮಿಷ ತೀರಾ ಸಣ್ಣ ಉರಿ. ತಳದಲ್ಲಿ ಹೊಂಬಣ್ಣದ ಗರಿಗರಿ ಪದರವೊಂದು ಹಿಡಿದಿರುತ್ತದೆ, ಅದೇ ಹಿಕಾಕ. ಮನೆಗಳಲ್ಲಿ ಮಕ್ಕಳು ಕಿತ್ತಾಡುವುದು ಇದಕ್ಕೇ. ಹಿಕಾಕ ಪಾತ್ರೆಗೆ ಅಂಟಿ ಬರದಿದ್ದರೆ ಪಾತ್ರೆಯ ತಳವನ್ನು ಎರಡು ನಿಮಿಷ ತಣ್ಣೀರಿನಲ್ಲಿ ಇಡಿ, ತಾನಾಗಿ ಬಿಡುತ್ತದೆ. ಕಪ್ಪಾಗಿದ್ದರೆ ಉರಿ ಹೆಚ್ಚಾಗಿದೆ; ಮುಂದಿನ ಸಲ ಪಾತ್ರೆಯ ಅಡಿಗೆ ಹೆಂಚಿಡಿ. ಬಸಿಯುವುದು ರಗಳೆ ಎನಿಸಿದರೆ, ನೆನೆದ ಎರಡು ಲೋಟ ಅಕ್ಕಿಗೆ ಎರಡೂಮುಕ್ಕಾಲು ಲೋಟ ನೀರಿಟ್ಟು ಇಂಗಿಸಿಯೂ ಮಾಡುತ್ತಾರೆ. ಹೋಟೆಲುಗಳಲ್ಲಿ ಹುರಿದ ಶಾವಿಗೆ ಬೆರೆಸಿದ ಅನ್ನವೂ ಸಿಗುತ್ತದೆ, ಟೊಮೆಟೊದಲ್ಲಿ ಬೇಯಿಸಿದ ಕೆಂಪು ಅನ್ನವೂ ಸಿಗುತ್ತದೆ. ತಿಮ್ಮನ್ ಬಾಗಿಲ್ಲ ಇದ್ದರೆ ಬಿಡಬೇಡಿ: ಸಿಪ್ಪೆ ಸುಲಿದ ಫಾವಾ ಕಾಳು ಮತ್ತು ಹಿಡಿ ತುಂಬ ಸಬ್ಬಸಿಗೆ ಸೊಪ್ಪು ಹಾಕಿದ ಅನ್ನ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಹಾಕಿ ನಮ್ಮಲ್ಲೂ ಇದನ್ನು ಮಾಡಬಹುದು, ತುಂಬ ಚೆನ್ನಾಗಿ ಹೊಂದುತ್ತದೆ.

ಇನ್ನು ಬಾಮ್ಯ. ಇರಾಕಿಗಳಿಗೆ ಇದರ ಮೇಲಿರುವ ಪ್ರೀತಿ ಅಷ್ಟಿಷ್ಟಲ್ಲ. ಬೇಸಿಗೆಯಲ್ಲಿ ಎಳೆ ಬೆಂಡೆಕಾಯಿಯನ್ನು ದಾರಕ್ಕೆ ಪೋಣಿಸಿ ಒಣಗಿಸಿಟ್ಟು ಚಳಿಗಾಲಕ್ಕೆ ಬಳಸುವಷ್ಟು. ಬೆರಳಿನ ಒಂದು ಗೆಣ್ಣಿಗಿಂತ ಸ್ವಲ್ಪ ಉದ್ದವಿರುವ ಕಾಯಿಗಳೇ ಬೇಕು. ನಮ್ಮ ಮಾರುಕಟ್ಟೆಗಳಲ್ಲಿ ಅಂಥವು ಸುಲಭಕ್ಕೆ ಸಿಗುವುದಿಲ್ಲ. ಇದ್ದುದರಲ್ಲೇ ಚಿಕ್ಕವನ್ನು, ತುದಿ ಮುರಿದರೆ ಟಕ್ಕನೆ ಮುರಿಯುವಂಥವನ್ನು ಆರಿಸಿ.

ಬೆಂಡೆಕಾಯಿ ಹೆಚ್ಚುವುದೇ ಇಲ್ಲಿ ದೊಡ್ಡ ಕೆಲಸ. ಮೊದಲು ತೊಳೆದು ಬಟ್ಟೆಯಲ್ಲಿ ಒಂದೊಂದನ್ನೂ ಒರೆಸಿ ಒಣಗಿಸಿ. ಆಮೇಲೆ ಚಿಕ್ಕ ಚಾಕುವಿನಿಂದ ತೊಟ್ಟಿನ ಸುತ್ತ, ಪೆನ್ಸಿಲ್ ಚೂಪು ಮಾಡುವ ಹಾಗೆ, ಓರೆಯಾಗಿ ತೆಳುವಾಗಿ ಕೆತ್ತಿ. ತೊಟ್ಟಿನ ಗಟ್ಟಿ ಭಾಗ ಮಾತ್ರ ಹೋಗಬೇಕು, ಒಳಗಿನ ಬೀಜದ ಕೋಣೆ ತೆರೆಯಬಾರದು. ತೆರೆದರೆ ಲೋಳೆಯೆಲ್ಲ ಸಾರಿಗೆ ಇಳಿಯುತ್ತದೆ. ಕಾಯಿ ಉದ್ದವಿದ್ದು ಎರಡು ತುಂಡು ಮಾಡಲೇಬೇಕಾದರೆ, ಕತ್ತರಿಸಿದ ಮೇಲೆ ತೊಳೆಯಬೇಡಿ. ಬಾಣಲೆಯಲ್ಲಿ ಜೋರು ಉರಿಯಲ್ಲಿ ಕತ್ತರಿಸಿದ ಮುಖ ಕೆಂಪಾಗಿ ಮುಚ್ಚಿಕೊಳ್ಳುವ ತನಕ ಹುರಿಯಿರಿ.

ನಾಲ್ವರಿಗೆ ಬೇಕಾದ್ದು: ಮೂಳೆಸಹಿತ ಕುರಿಮಾಂಸ 750 ಗ್ರಾಂ, ಕಾಲು ಅಥವಾ ಕತ್ತಿನ ಭಾಗ, ಬೆಂಡೆಕಾಯಿ ಅರ್ಧ ಕೆಜಿ, ಮಾಗಿದ ಟೊಮೆಟೊ ಅರ್ಧ ಕೆಜಿ, ರುಬ್ಬಿ ಸೋಸಿದ್ದು, ಟೊಮೆಟೊ ಪೇಸ್ಟ್ 2 ದೊಡ್ಡ ಚಮಚ, ಬೆಳ್ಳುಳ್ಳಿ 8–10 ಎಸಳು, ನೂಮಿ ಬಸ್ರ 2, ಅರ್ಧ ನಿಂಬೆಗಾತ್ರದ ಹುಣಸೆಹಣ್ಣಿನ ರಸ, ಎಣ್ಣೆ, ಉಪ್ಪು. ಇಲ್ಲಿ ಬೆಳ್ಳುಳ್ಳಿಯೇ ಯಜಮಾನ, ಈರುಳ್ಳಿ ಇಲ್ಲದೆಯೂ ಮಾಡುತ್ತಾರೆ. ಕರ್ನಾಟಕದಲ್ಲಿ ಮಾಡುವುದಾದರೆ ಬನ್ನೂರು ಕುರಿಯ ಮಾಂಸ ಹುಡುಕಿ. ಇರಾಕಿನ ಅವಾಸಿ ಕುರಿಗೆ ಬಾಲದಲ್ಲಿ ಕೊಬ್ಬು ತುಂಬಿರುತ್ತದೆ, ಆ ಕೊಬ್ಬೇ ಅವರ ಸಾರಿಗೆ ಮೈ ಕೊಡುವುದು. ಮೇಕೆಮಾಂಸದಲ್ಲಿ ಮಾಡಿದರೆ ಸಾರು ತೆಳ್ಳಗೆ ನಿಲ್ಲುತ್ತದೆ.

ಎಣ್ಣೆಯಲ್ಲಿ ಮಾಂಸದ ಎಲ್ಲ ಬದಿಯನ್ನೂ ಕಂದು ಬಣ್ಣಕ್ಕೆ ಹುರಿದು, ಒಂದೂವರೆ ಲೀಟರ್ ನೀರು ಹಾಕಿ ಕುದಿಸಿ. ಮೇಲೆ ಬರುವ ನೊರೆ ತೆಗೆಯುತ್ತಿರಿ. ಸಣ್ಣ ಉರಿಯಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ. ಕುಕ್ಕರಿನಲ್ಲಾದರೆ ಮಾಂಸ ಮುಕ್ಕಾಲು ಬೇಯುವಷ್ಟೇ ಕೂಗಿಸಿ, ಉಳಿದದ್ದು ತೆರೆದ ಪಾತ್ರೆಯಲ್ಲೇ ಬೇಯಲಿ. ಇನ್ನೊಂದು ಬಾಣಲೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯನ್ನು ಘಮ ಬರುವಷ್ಟು ಹುರಿದು, ಪೇಸ್ಟ್ ಹಾಕಿ ಎರಡು ಮೂರು ನಿಮಿಷ, ಎಣ್ಣೆ ಬಿಟ್ಟು ಬಣ್ಣ ಗಾಢವಾಗುವ ತನಕ ಕೆದಕಿ. ಇದನ್ನು ಟೊಮೆಟೊ ರಸ, ಹುಣಸೆರಸ, ಒಣನಿಂಬೆಯ ಜೊತೆ ಮಾಂಸಕ್ಕೆ ಸೇರಿಸಿ ಇಪ್ಪತ್ತು ನಿಮಿಷ ಕುದಿಸಿ. ಬೆಂಡೆಕಾಯಿ ಹೋಗಬೇಕಾದದ್ದು ಈಗ, ಸಾರು ಆಗಲೇ ಹುಳಿಯಾದ ಮೇಲೆ. ಹುಳಿಯಲ್ಲಿ ಲೋಳೆಯ ಅಂಟು ಇಳಿಯುತ್ತದೆ, ಸಪ್ಪೆ ಸಾರಿನಲ್ಲಿ ಏರುತ್ತದೆ. ಹಾಕುವ ಮೊದಲು ಒಂದು ಚಮಚ ಎಣ್ಣೆಯಲ್ಲಿ ಐದು ನಿಮಿಷ ಜೋರು ಉರಿಯಲ್ಲಿ ಬಾಡಿಸಿರಿ. ಹಾಕಿದ ಮೇಲೆ ಸೌಟು ಆಡಿಸಬೇಡಿ, ಪಾತ್ರೆಯ ಎರಡು ಕಿವಿ ಹಿಡಿದು ಅಲ್ಲಾಡಿಸಿ. ಮುಚ್ಚಳ ಅರೆ ತೆರೆದಿಟ್ಟು 15–20 ನಿಮಿಷ. ಕಾಯಿ ಇಡಿಯಾಗಿಯೇ ಇದ್ದು ನಾಲಿಗೆಗೆ ಒತ್ತಿದರೆ ಕರಗಬೇಕು. ಉಪ್ಪು ಹುಳಿ ನೋಡಿಕೊಂಡು ಇಳಿಸಿ, ಹತ್ತು ನಿಮಿಷ ಬಿಟ್ಟು ಬಡಿಸಿ. ಸಾರು ನೀರಾಗಿದೆ ಎನಿಸಿದರೆ ಹಿಟ್ಟು ಕದಡಿ ಹಾಕುವುದು ಬೇಡ, ಬೆಂಡೆಕಾಯಿ ಹಾಕುವ ಮುಂಚೆಯೇ ಕುದಿಸಿ ಇಂಗಿಸಬೇಕಿತ್ತು.

ಫಸೂಲಿಯ ಯಾಬ್ಸಕ್ಕೂ ಇದೇ ಅಡಿಪಾಯ, ಆದರೆ ಹುಳಿ ಹಾಕುವ ಹೊತ್ತು ಬೇರೆ. ಬಿಳಿ ರಾಜ್ಮಾ 300 ಗ್ರಾಂ, 10–12 ಗಂಟೆ ನೆನೆಸಿ. ನೆನೆಸಿದ ನೀರು ಚೆಲ್ಲಿ ಹೊಸ ನೀರಿನಲ್ಲಿ ಹತ್ತು ನಿಮಿಷ ಕೊತಕೊತ ಕುದಿಸಲೇಬೇಕು. ಅರೆಬೆಂದ ರಾಜ್ಮಾ ಜಾತಿಯ ಕಾಳು ಹೊಟ್ಟೆ ಕೆಡಿಸುತ್ತದೆ. ಕಾಳು ಬೆರಳಲ್ಲಿ ಹಿಸುಕಿದರೆ ಮೆತ್ತಗಾಗುವ ತನಕ ಟೊಮೆಟೊವಾಗಲಿ ಒಣನಿಂಬೆಯಾಗಲಿ ಹತ್ತಿರ ಸುಳಿಯಬಾರದು. ಹುಳಿ ಮೊದಲೇ ಬಿದ್ದರೆ ಕಾಳಿನ ಸಿಪ್ಪೆ ಗಡುಸಾಗುತ್ತದೆ, ಆಮೇಲೆ ಎಷ್ಟು ಹೊತ್ತು ಕುದಿಸಿದರೂ ಬೇಯುವುದಿಲ್ಲ. ಕಾಳು ಮತ್ತು ಮಾಂಸ ಬೇರೆ ಬೇರೆ ಬೇಯಿಸಿ ಕೊನೆಗೆ ಕೂಡಿಸುವುದೇ ಕ್ಷೇಮ.

ದೋಲ್ಮ ಇರುವ ದಿನ ಹೋಟೆಲಿನಲ್ಲಿ ಜನ ಹೆಚ್ಚು. ಬೇರೆ ಅರಬ್ ದೇಶಗಳ ದೋಲ್ಮ ದ್ರಾಕ್ಷಿ ಎಲೆಯೊಂದರಲ್ಲೇ ಮುಗಿಯುವುದುಂಟು. ಇರಾಕಿನದ್ದರಲ್ಲಿ ಈರುಳ್ಳಿ, ಬದನೆ, ದೊಣ್ಣೆ ಮೆಣಸಿನಕಾಯಿ, ಟೊಮೆಟೊ, ದಂಟಿನ ಸೊಪ್ಪಿನ ಜಾತಿಯ ದೊಡ್ಡ ಎಲೆ, ಎಲ್ಲ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಅದರಲ್ಲೂ ಈರುಳ್ಳಿಯದ್ದೇ ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ರುಚಿ. ದೊಡ್ಡ ಈರುಳ್ಳಿಗೆ ಮೇಲಿಂದ ಕೆಳಗೆ ನಡುವಿನ ತನಕ ಒಂದೇ ಸೀಳು ಹಾಕಿ 10–12 ನಿಮಿಷ ಕುದಿಸಿದರೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ, ಒಂದೊಂದು ಪದರವೂ ತಾನೇ ಸುರುಳಿ ಸುತ್ತಿಕೊಳ್ಳುತ್ತದೆ. ಹೂರಣಕ್ಕೆ ಬಾಸ್ಮತಿ ಬೇಡ, ಸೋನಾ ಮಸೂರಿಯಂಥ ಸಣ್ಣ ಅಕ್ಕಿ 2 ಲೋಟ, ತೊಳೆದು ಹಸಿಯಾಗಿಯೇ. 400 ಗ್ರಾಂ ಕೊಬ್ಬು ಬೆರೆತ ಕೈಮ, 3 ದೊಡ್ಡ ಚಮಚ ಟೊಮೆಟೊ ಪೇಸ್ಟ್, 4 ದೊಡ್ಡ ಚಮಚ ದಾಳಿಂಬೆ ಗಟ್ಟಿರಸ, ಎರಡು ನಿಂಬೆಯ ರಸ, ಆರೆಸಳು ಬೆಳ್ಳುಳ್ಳಿ, ಹೆಚ್ಚಿದ ಸೊಪ್ಪು, ಕಾಲು ಲೋಟ ಎಣ್ಣೆ, ಉಪ್ಪು, 2 ಚಿಕ್ಕ ಚಮಚ ಬಹಾರಾತ್. ಬಹಾರಾತ್ ಅವರ ಮಸಾಲೆ ಪುಡಿ, ಮನೆಮನೆಗೂ ಬೇರೆ: ಮೆಣಸು ಮತ್ತು ಕೊತ್ತಂಬರಿ ಬೀಜ ಎರಡೆರಡು ಪಾಲು, ಜೀರಿಗೆ ಮತ್ತು ಚಕ್ಕೆ ಒಂದೊಂದು ಪಾಲು, ಲವಂಗ ಏಲಕ್ಕಿ ಅರ್ಧರ್ಧ ಪಾಲು, ಚೂರು ಜಾಯಿಕಾಯಿ ಎಂದಿಟ್ಟುಕೊಂಡರೆ ಸರಿಹೋಗುತ್ತದೆ.

ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿ. ಅಕ್ಕಿ ಉಬ್ಬಲು ಜಾಗವಿಲ್ಲದಿದ್ದರೆ ಎಲೆ ಒಡೆಯುತ್ತದೆ, ಇಲ್ಲವೇ ನಡುವಿನ ಅಕ್ಕಿ ಬೇಯದೆ ಉಳಿಯುತ್ತದೆ. ಪಾತ್ರೆಯ ತಳಕ್ಕೆ ಕುರಿಯ ಪಕ್ಕೆಲುಬು, ಅದರ ಮೇಲೆ ಈರುಳ್ಳಿ, ಬದನೆ, ಕೊನೆಗೆ ಎಲೆಯವು. ಪಕ್ಕೆಲುಬು ರುಚಿಗೂ ಹೌದು, ತಳ ಹಿಡಿಯದಿರುವುದಕ್ಕೂ ಹೌದು. ದಾಳಿಂಬೆ ರಸದ ಸಕ್ಕರೆ ಬೇಗ ಸೀದುಹೋಗುತ್ತದೆ. ಮೇಲೆ ತಟ್ಟೆಯೊಂದನ್ನು ಬೋರಲು ಹಾಕಿ ಭಾರವಿಡಿ, ಹುಳಿ ಉಪ್ಪು ಬೆರೆಸಿದ ಎರಡು ಲೋಟ ನೀರು ಹಾಕಿ. ತರಕಾರಿಯೂ ನೀರು ಬಿಡುವುದರಿಂದ ಮುಳುಗುವಷ್ಟು ಹಾಕಿದರೆ ಎಲ್ಲ ಕಿಚಡಿಯಾದೀತು. ಹತ್ತು ನಿಮಿಷ ಜೋರು, ಒಂದು ಗಂಟೆ ಸಣ್ಣ ಉರಿ, ಇಪ್ಪತ್ತು ನಿಮಿಷ ವಿಶ್ರಾಂತಿ. ಆಮೇಲೆ ದೊಡ್ಡ ತಟ್ಟೆ ಮುಚ್ಚಿ ಒಂದೇ ಬಾರಿಗೆ ಮಗುಚಿ. ವಿಶ್ರಾಂತಿ ಕೊಡದೆ ಮಗುಚಿದರೆ ಬಿಸಿ ರಸ ಕೈಮೇಲೆ ಚೆಲ್ಲುತ್ತದೆ, ಜೋಡಣೆಯೂ ಕುಸಿಯುತ್ತದೆ.

ತಶ್ರೀಬ್ ಮತ್ತು ಕುಬ್ಬ ಬೇರೆಯೇ ಬರಹ ಬೇಡುವ ಸಂಗತಿಗಳು. ತಶ್ರೀಬ್ ಎಂದರೆ ಹರಿದ ರೊಟ್ಟಿಯ ಮೇಲೆ ಮಾಂಸದ ಸಾರು ಸುರಿದದ್ದು. ತಂದೂರಿನಲ್ಲಿ ಸುಟ್ಟ, ಒಂದು ದಿನ ಹಳೆಯದಾದ ರೊಟ್ಟಿಯೇ ಆಗಬೇಕು, ಹೊಸದು ಅಂಟಂಟಾಗುತ್ತದೆ. ಮೋಸುಲಿನ ಕುಬ್ಬ ಗೋಧಿನುಚ್ಚು ಮತ್ತು ಮಾಂಸ ಕುಟ್ಟಿದ ಹಿಟ್ಟಿನ ಎರಡು ತೆಳು ಹಾಳೆಗಳ ನಡುವೆ ಹೂರಣವಿಟ್ಟು, ತಟ್ಟೆಯಗಲ ಮಾಡಿ ಉಪ್ಪುನೀರಿನಲ್ಲಿ ಬೇಯಿಸಿದ್ದು. ಅಂಚು ಸರಿಯಾಗಿ ಕೂಡಿರದಿದ್ದರೆ ನೀರಿನಲ್ಲೇ ಬಾಯಿಬಿಡುತ್ತದೆ. ನಜಫಿನ ಕೀಮ ಮೊಹರಂ ಹೊತ್ತಿಗೆ ದೊಡ್ಡ ಹಂಡೆಗಳಲ್ಲಿ ಬೇಯುತ್ತದೆ: ಮಾಂಸ, ಕಡಲೆ, ಒಣನಿಂಬೆ, ಚಕ್ಕೆ ಸೇರಿಸಿ, ಮರದ ದೊಡ್ಡ ಸೌಟುಗಳಿಂದ ಬಡಿದು ಬಡಿದು ಎಳೆ ಎಳೆಯಾಗಿಸಿ ಅನ್ನದ ಮೇಲೆ ಹಾಕಿ ಕೊಡುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಿಂದ, ಬೆಂಗಳೂರಿನಿಂದ ನಜಫ್, ಕರ್ಬಲಾ ಯಾತ್ರೆಗೆ ಹೋಗುವವರಿಗೆ ಇದರ ಪರಿಚಯವಿರುತ್ತದೆ. ನಜಫಿನಿಂದ ಕರ್ಬಲಾಕ್ಕೆ ನಡೆಯುವ ಸುಮಾರು 80 ಕಿಲೋಮೀಟರ್ ಹಾದಿಯುದ್ದಕ್ಕೂ ಅರ್ಬಯೀನ್, ಅಂದರೆ ಇಮಾಮ್ ಹುಸೇನರ ಹುತಾತ್ಮತೆಯ ನಲವತ್ತನೆಯ ದಿನದ ಸ್ಮರಣೆಯ ಸಮಯದಲ್ಲಿ ಊಟ ಉಚಿತ. ಮನೆಯಲ್ಲಿ ಮಾಡುವಾಗ ಅರ್ಧ ಕೆಜಿ ಮಾಂಸಕ್ಕೆ ಕಾಲು ಕೆಜಿ ಕಡಲೆಬೇಳೆ ಹಾಕಿ, ಬೆಂದ ಮೇಲೆ ತಳ ಕೆರೆಯುತ್ತಲೇ ಕಡೆಯಿರಿ. ಬೇಳೆ ತುಂಬ ಬೇಗ ತಳ ಹಿಡಿಯುತ್ತದೆ, ಸೀದ ವಾಸನೆ ಒಮ್ಮೆ ಹತ್ತಿದರೆ ಹೋಗುವುದಿಲ್ಲ.

ಮೇಜಿನ ಮೇಲೆ ಹಳದಿ ಗೊಜ್ಜಿನಂಥದ್ದು ಕಂಡರೆ ಅದು ಅಂಬ, ನಮ್ಮ ಕಡೆಯಿಂದಲೇ ಹೋದ ಮಾವಿನಕಾಯಿ ಉಪ್ಪಿನಕಾಯಿ. ಬಾಂಬೆಯಲ್ಲಿ ನೆಲೆಸಿದ್ದ ಬಾಗ್ದಾದಿ ಯಹೂದಿ ವರ್ತಕರು ಇದನ್ನು ಇರಾಕಿಗೆ ಮುಟ್ಟಿಸಿದರು ಎಂಬುದು ಪ್ರಚಲಿತ ಕತೆ. ಅರಿಸಿನ ಮತ್ತು ಮೆಂತ್ಯ ಜೋರಾಗಿರುತ್ತದೆ, ಎಣ್ಣೆ ಕಡಿಮೆ. ಮರಗ್ ಜೊತೆ ಇದನ್ನು ಹಾಕಿಕೊಳ್ಳಬೇಡಿ, ಮೆಂತ್ಯದ ಮುಂದೆ ಒಣನಿಂಬೆ ಸತ್ತುಹೋಗುತ್ತದೆ. ಮಸ್ಗೂಫ್‌ಗೆ, ಮೊಟ್ಟೆ ಇಟ್ಟ ಸಮೂನ್ ಬ್ರೆಡ್ಡಿಗೆ ಅದು ಸರಿ. ಅನ್ನ ಮರಗ್‌ಗೆ ತುರ್ಶಿಯೇ ಜೋಡಿ, ಅದರಲ್ಲೂ ಖರ್ಜೂರದ ವಿನಿಗರಿನಲ್ಲಿ ಹಾಕಿದ ನಜಫಿನ ತುರ್ಶಿ.

ಬಾಗ್ದಾದಿನಲ್ಲಿ ಶುಕ್ರವಾರ ಇದ್ದರೆ ಊಟವನ್ನು ಮುತನಬ್ಬಿ ರಸ್ತೆಯ ಸುತ್ತ ಇಟ್ಟುಕೊಳ್ಳಿ. ಪುಸ್ತಕದ ಅಂಗಡಿಗಳ ಈ ಬೀದಿ 2007ರ ಮಾರ್ಚ್ 5ರ ಬಾಂಬ್ ಸ್ಫೋಟದಲ್ಲಿ ಛಿದ್ರವಾಗಿತ್ತು. ಈಗ ದುರಸ್ತಿಯಾಗಿ, ಶುಕ್ರವಾರ ಬೆಳಿಗ್ಗೆ ಕಾಲಿಡಲು ಜಾಗವಿರುವುದಿಲ್ಲ. ಪಕ್ಕದ ಸರಾಯ್ ಮಾರುಕಟ್ಟೆಯ ಕುಬ್ಬ ಅಂಗಡಿ ಹೆಸರುವಾಸಿ, ಬೇಗ ಹೋಗಬೇಕು. 1917ರಿಂದ ಇರುವ ಶಾಬಂದರ್ ಕಾಫಿಖಾನೆಯಲ್ಲಿ ಇಸ್ತಿಕಾನ್ ಎಂಬ ನಡು ಸಣ್ಣಗಿರುವ ಗಾಜಿನ ಲೋಟದಲ್ಲಿ ಚಹಾ ಕೊಡುತ್ತಾರೆ, ಒಣನಿಂಬೆಯ ಚಹಾ ಕೇಳಿದರೆ ಅದೂ ಸಿಗುತ್ತದೆ. ಊಟದ ಭಾರ ಇಳಿಯಲು ಅದೇ ಮೇಲು. ರಶೀದ್ ರಸ್ತೆಯ ಹಾಜ್ ಜಬಾಲ ಅಂಗಡಿಯಲ್ಲಿ ಒಣದ್ರಾಕ್ಷಿಯ ಶರಬತ್ತು ಕುಡಿಯದೆ ಬರಬೇಡಿ.

ದುಬೈಯಲ್ಲಿರುವ ಮಂಗಳೂರು, ಉಡುಪಿ, ಭಟ್ಕಳದವರು ಇಷ್ಟು ದೂರ ಹೋಗಬೇಕಿಲ್ಲ. ದೇರಾದ ಮುತೀನ ರಸ್ತೆಯಲ್ಲಿ ಇರಾಕಿ ಹೋಟೆಲುಗಳಿವೆ. ಸಂಜೆ ಹೋದರೆ ಎಲ್ಲ ಕಡೆಯೂ ಸುಟ್ಟ ಮಾಂಸ, ಸುಟ್ಟ ಮೀನು. ರಜೆಯ ದಿನ ಮಧ್ಯಾಹ್ನ ಹೋಗಿ "ಇವತ್ತು ಯಾವ ಮರಗ್" ಎಂದು ಕೇಳಿ. ಕಾರ್ಡಿನಲ್ಲಿ ಇಲ್ಲದ್ದೂ ಒಳಗೆ ಇರುತ್ತದೆ. ಇಬ್ಬರಿದ್ದರೆ ಒಂದು ಬಾಮ್ಯ, ಒಂದು ಫಸೂಲಿಯ ತೆಗೆದುಕೊಂಡು ಹಂಚಿಕೊಳ್ಳಿ, ಒಬ್ಬೊಬ್ಬರಿಗೆ ಕೊಡುವ ಅನ್ನವೇ ಬೇಕಾದಷ್ಟಾಗುತ್ತದೆ.

ಮನೆಯಲ್ಲಿ ಮಾಡಿದ್ದು ಉಳಿದರೆ ಮರಗ್ ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ, ಫಸೂಲಿಯಕ್ಕಂತೂ ಮರುದಿನವೇ ರುಚಿ ಹೆಚ್ಚು. ಒಣನಿಂಬೆಯನ್ನು ಮಾತ್ರ ಇಡುವ ಮೊದಲು ತೆಗೆದಿರಬೇಕು, ರಾತ್ರಿಯಿಡೀ ಸಾರಿನಲ್ಲಿ ಕೂತರೆ ಕಹಿ ಬಿಡುತ್ತದೆ. ಬಾಮ್ಯವನ್ನು ಮತ್ತೆ ಕುದಿಸುವಾಗ ಅರ್ಧ ಲೋಟ ಬಿಸಿನೀರು ಸೇರಿಸಿ, ಸೌಟು ಮುಟ್ಟಿಸದೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಹೊಸ ಅನ್ನ ಮಾಡುವಷ್ಟು ಹೊತ್ತಿಲ್ಲದಿದ್ದರೆ ಹಿಂದಿನ ದಿನದ ರೊಟ್ಟಿಯನ್ನು ಆಳವಾದ ತಟ್ಟೆಗೆ ಹರಿದು ಹಾಕಿ, ಮೊದಲು ಸಾರು, ಎರಡು ನಿಮಿಷ ಬಿಟ್ಟು ಮಾಂಸ ಮತ್ತು ಬೆಂಡೆಕಾಯಿ ಹಾಕಿ, ಮೇಲೆ ಹಸಿ ಈರುಳ್ಳಿ. ಬಾಮ್ಯದ ತಶ್ರೀಬ್ ಸಿದ್ಧ.